ಅಲೇನಿಚೆವ್: ಗೋಲಿನ ಪಟ್ಟಿಯಲ್ಲಿ ಸಿಗದ ಮಿಡ್‌ಫೀಲ್ಡರ್

ಸಂಪಾದಕರಿಗೆ,

ಮಾನ್ಯರೇ,

ವಿದೇಶಿ ಫುಟ್‌ಬಾಲ್ ಆಟಗಾರರನ್ನು ಕನ್ನಡ ಪತ್ರಿಕೆಗಳ ಕ್ರೀಡಾಪುಟ ಪರಿಚಯಿಸುವ ರೀತಿ ಬಹಳ ವರ್ಷಗಳಿಂದ ಒಂದೇ ಅಚ್ಚಿನಲ್ಲಿದೆ. ಹುಟ್ಟಿದ ಊರು, ಆಡಿದ ಕ್ಲಬ್‌ಗಳು, ಎಷ್ಟು ಪಂದ್ಯ, ಎಷ್ಟು ಗೋಲು, ಎಷ್ಟು ಹಣಕ್ಕೆ ಕ್ಲಬ್ ಬದಲಿಸಿದರು, ಇಷ್ಟು. ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್‌ಗಳ ಮಟ್ಟಿಗೆ ಇದು ಹೇಗೋ ಸಾಲುತ್ತದೆ. ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್‌ಗಳ ಮಟ್ಟಿಗೆ ಇದರಿಂದ ಓದುಗರಿಗೆ ತಪ್ಪು ಚಿತ್ರ ಹೋಗುತ್ತದೆ. ಇದು ಎಷ್ಟು ತಪ್ಪಾಗಬಹುದು ಎನ್ನುವುದಕ್ಕೆ ರಷ್ಯಾದ ದ್ಮಿತ್ರಿ ಅಲೇನಿಚೆವ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಂಕಿ ಮಾತ್ರ ನೋಡಿದರೆ ಅಲೇನಿಚೆವ್ ಸಾಧಾರಣ ಆಟಗಾರ. 1996ರಿಂದ 2005ರವರೆಗೆ ರಷ್ಯಾ ಪರ 55 ಪಂದ್ಯ, 6 ಗೋಲು. ಇಟಲಿಗೆ ಹೋದರು, ಎರಡು ವರ್ಷದಲ್ಲಿ ಅಲ್ಲಿಂದ ಹೊರಟರು. ಪೋರ್ಚುಗಲ್‌ನ ಪೋರ್ಟೊ ಕ್ಲಬ್ಬಿನಲ್ಲಿ ನಾಲ್ಕು ವರ್ಷ ಇದ್ದರು, ಅದರಲ್ಲಿ ಒಳ್ಳೆಯ ಪಾಲು ಬದಲಿ ಆಟಗಾರರ ಬೆಂಚಿನಲ್ಲಿ ಕಳೆಯಿತು. ಆದರೆ ಅದೇ ಮನುಷ್ಯ 2003ರ ಮೇ 21ರಂದು ಸೆವಿಲ್ಲಾದಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಗೋಲು ಹೊಡೆದರು; 2004ರ ಮೇ 26ರಂದು ಗೆಲ್ಸೆನ್‌ಕಿರ್ಷನ್‌ನಲ್ಲಿ ಅಲ್ಲಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ ಹೊಡೆದರು. ಎರಡನ್ನೂ ಅವರ ತಂಡ ಗೆದ್ದಿತು. ಈ ಎರಡು ಚಿತ್ರಗಳನ್ನು ಹೊಂದಿಸಬೇಕಾದರೆ ಗೋಲಿನ ಪಟ್ಟಿಯನ್ನು ಬದಿಗಿಟ್ಟು, ಅವರು ಮೈದಾನದ ಯಾವ ಜಾಗದಲ್ಲಿ, ಯಾವ ವ್ಯೂಹದಲ್ಲಿ (ತಂಡ ಆಟಗಾರರನ್ನು ನಿಲ್ಲಿಸುವ ಕ್ರಮ), ಯಾವ ನಿಮಿಷದಲ್ಲಿ ಆಡಿದರು ಎಂದು ನೋಡಬೇಕು.

ಮೊದಲು ಹೆಸರಿನ ಬಗ್ಗೆ ಒಂದು ಮಾತು, ಏಕೆಂದರೆ ಪತ್ರಿಕೆಯವರು ಇದನ್ನು ನಾಳೆಯಿಂದಲೇ ಸರಿಮಾಡಬಹುದು. ರಷ್ಯನ್ ಹೆಸರುಗಳು ನಮಗೆ ಇಂಗ್ಲಿಷ್ ಅಕ್ಷರಗಳ ಮೂಲಕ ಬರುತ್ತವೆ. ಹಾಗಾಗಿ 'ಡಿಮಿಟ್ರಿ' ಎಂದು ಅಚ್ಚಾಗುತ್ತದೆ. ರಷ್ಯನ್ನರ 'ದ' ಮತ್ತು 'ತ' ನಮ್ಮ ದಂತ್ಯಗಳ ಹಾಗೆಯೇ ಹಲ್ಲಿಗೆ ತಾಗುತ್ತವೆ, ಮೂರ್ಧನ್ಯ 'ಡ', 'ಟ' ಅಲ್ಲ. ಮೊದಲಿನ ಎರಡು ವ್ಯಂಜನಗಳ ನಡುವೆ ಸ್ವರವೂ ಇಲ್ಲ. ಕನ್ನಡದಲ್ಲಿ ಒತ್ತಕ್ಷರ ಇರುವಾಗ 'ದ್ಮಿತ್ರಿ' ಎಂದು ಬರೆಯಲು ಅಡ್ಡಿಯೇನು? ಇಂಗ್ಲಿಷಿನವರಿಗೆ ಇಲ್ಲದ ಅನುಕೂಲ ನಮಗಿದೆ. ಮನೆತನದ ಹೆಸರಿನಲ್ಲಿ ಉಚ್ಚಾರಣೆಯ ಒತ್ತು ಬೀಳುವುದು 'ಲೇ' ಮೇಲೆ. 'ಅಲೆನಿಚೇವ್' ಎಂದು ಕೊನೆಯನ್ನು ಎಳೆದರೆ ರಷ್ಯನ್ ಕಿವಿಗೆ ಬೇರೆಯೇ ಹೆಸರಾಗುತ್ತದೆ. 'ಸ್ಪಾರ್ಟಕ್' ಎಂದು ನಾವು ಬರೆಯುವ, ಅವರು ಆಡಿದ ಮಾಸ್ಕೊ ಕ್ಲಬ್ಬಿನ ಹೆಸರಿನಲ್ಲೂ ಒತ್ತು ಕೊನೆಯಲ್ಲಿದೆ: ಸ್ಪರ್ತಾಕ್.

ಅಲೇನಿಚೆವ್ 1972ರ ಅಕ್ಟೋಬರ್ 20ರಂದು ಪ್ಸ್ಕೋವ್ ಪ್ರಾಂತ್ಯದ ವೆಲಿಕಿಯೆ ಲೂಕಿಯಲ್ಲಿ ಹುಟ್ಟಿದರು. ಪ್ಸ್ಕೋವ್‌ನ ಸಣ್ಣ ತಂಡದಲ್ಲಿ ಶುರುಮಾಡಿ, 1991ರಲ್ಲಿ ಮಾಸ್ಕೊದ ಲೊಕೊಮೊತಿವ್ ಸೇರಿ, 1994ರಲ್ಲಿ ಸ್ಪರ್ತಾಕ್‌ಗೆ ಬಂದರು. ಇಲ್ಲಿಂದ ಅವರ ನಿಜವಾದ ಕಲಿಕೆ ಆರಂಭ. ಕೋಚ್ ಒಲೆಗ್ ರೊಮಾಂತ್ಸೆವ್ ಅವರ ತಂಡ ಆಗ ರಷ್ಯಾ ಲೀಗನ್ನು ಆಳುತ್ತಿತ್ತು. ಅಲೇನಿಚೆವ್ ಇದ್ದಾಗ 1994, 1996, 1997ರಲ್ಲಿ ಸ್ಪರ್ತಾಕ್ ಚಾಂಪಿಯನ್ ಆಯಿತು. 1994 ಮತ್ತು 1998ರಲ್ಲಿ ರಷ್ಯಾ ಕಪ್ ಗೆದ್ದಿತು. 1997ರಲ್ಲಿ ಅಲೇನಿಚೆವ್ ರಷ್ಯಾದ ವರ್ಷದ ಆಟಗಾರರಾದರು.

ಸ್ಪರ್ತಾಕ್ ಆಟದ ಜೀವಾಳ 'ಸ್ತೇನ್ಕಾ', ಅಂದರೆ ಗೋಡೆ. ನಮ್ಮ ಹುಡುಗರು ಒನ್-ಟು ಎನ್ನುವುದು ಇದನ್ನೇ. ನೋಡಲು ಸುಲಭ, ಮಾಡಲು ಕಷ್ಟ. ಇದರ ಒಳಗನ್ನು ಬಿಡಿಸಿ ಹೇಳದೆ ಅಲೇನಿಚೆವ್ ಅರ್ಥವಾಗುವುದಿಲ್ಲ.

ಚೆಂಡು ಇರುವವನು ಎಂಟು, ಹತ್ತು ಮೀಟರ್ ದೂರದ ಜೊತೆಗಾರನಿಗೆ ಪಾಸ್ ಕೊಡುತ್ತಾನೆ. ಕೊಟ್ಟ ಕ್ಷಣದಲ್ಲೇ, ಚೆಂಡು ಇನ್ನೂ ಉರುಳುತ್ತಿರುವಾಗಲೇ, ಎದುರಿನ ಡಿಫೆಂಡರ್‌ನ ಬೆನ್ನ ಹಿಂದಿನ ಜಾಗಕ್ಕೆ ಓಡುತ್ತಾನೆ. ಜೊತೆಗಾರ ಚೆಂಡನ್ನು ನಿಲ್ಲಿಸದೆ ಒಂದೇ ಸ್ಪರ್ಶದಲ್ಲಿ ಆ ಓಟದ ದಾರಿಗೆ ತಿರುಗಿಸುತ್ತಾನೆ. ಡಿಫೆಂಡರ್ ಚೆಂಡಿನ ಕಡೆ ಕಣ್ಣು ಹಾಯಿಸಿದರೆ ಓಡುವವನು ತಪ್ಪಿಸಿಕೊಳ್ಳುತ್ತಾನೆ. ಓಡುವವನನ್ನು ನೋಡಿದರೆ ಚೆಂಡು ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ.

ಕೆಡುವುದು ಎಲ್ಲಿ? ಸಾಮಾನ್ಯವಾಗಿ ಮೊದಲ ಪಾಸಿನ ಬಿಗಿಯಲ್ಲಿ. ಮೆತ್ತಗೆ ಕೊಟ್ಟರೆ ಡಿಫೆಂಡರ್‌ಗೆ ಸುಧಾರಿಸಿಕೊಳ್ಳಲು ಅರ್ಧ ಕ್ಷಣ ಸಿಗುತ್ತದೆ. ಅತಿ ಬಿಗಿಯಾದರೆ ಗೋಡೆಯಾಗಿ ನಿಂತವನ ಕಾಲಿಗೆ ಬಡಿದು ಪುಟಿಯುತ್ತದೆ. ಎರಡನೆಯದು ಓಟದ ಹೊತ್ತು. ಪಾಸ್ ಕೊಟ್ಟು, ಅದು ತಲುಪಿತೇ ಎಂದು ನಿಂತು ನೋಡುವವನು ಆಗಲೇ ತಡಮಾಡಿದ್ದಾನೆ. ಕಲಿಯುವವರಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ ಇದೇ. ಮೂರನೆಯದು ಗೋಡೆಯಾಗುವವನ ನಿಲುವು. ಅವನು ಗೋಲಿಗೆ ಪೂರ್ತಿ ಬೆನ್ನು ಹಾಕಿ ನಿಂತರೆ ಚೆಂಡನ್ನು ಬಂದ ದಾರಿಗೇ ತಳ್ಳಬಹುದಷ್ಟೇ. ಮೈಯನ್ನು ಅರ್ಧ ತಿರುಗಿಸಿ, ದೂರದ ಕಾಲಿಗೆ ಚೆಂಡು ಬರುವಂತೆ ನಿಂತರೆ ಮಾತ್ರ ಓರೆಯಾಗಿ ಮುಂದಕ್ಕೆ ಕೊಡಲು ಬರುತ್ತದೆ.

ಇದನ್ನು ರೂಢಿಸಲು ರಷ್ಯನ್ ಶಾಲೆ ಬಳಸುವ ಸಾಧನ 'ಕ್ವದ್ರಾತ್', ಚೌಕ. ಹೊರಗೆ ನಾಲ್ವರೋ ಐವರೋ, ಒಳಗೆ ಚೆಂಡು ಕಸಿಯಲು ಇಬ್ಬರು. ಸುಮಾರು ಹತ್ತು ಮೀಟರ್ ಚೌಕ ಸಾಕು. ಒಂದೇ ಸ್ಪರ್ಶ ಎಂಬ ನಿಯಮ ಹಾಕಿದ ಕೂಡಲೇ, ಚೆಂಡು ಬರುವ ಮೊದಲೇ ಸುತ್ತ ನೋಡದವನು ಸಿಕ್ಕಿಬೀಳುತ್ತಾನೆ. ಚೌಕ ಅತಿ ದೊಡ್ಡದಾದರೆ ಈ ವ್ಯಾಯಾಮ ನಿಷ್ಪ್ರಯೋಜಕ. ಯಾರಿಗೂ ಒತ್ತಡವಿರುವುದಿಲ್ಲ, ಕಣ್ಣು ಕಲಿಯುವುದಿಲ್ಲ. ನಮ್ಮಲ್ಲಿ ಶಾಲಾ ತಂಡಗಳಿಗೆ ಇದನ್ನು ಮೈ ಬಿಸಿಮಾಡಿಕೊಳ್ಳುವ ಆಟವಾಗಿ ಐದು ನಿಮಿಷ ಆಡಿಸಿ ಬಿಡುತ್ತಾರೆ. ಸ್ಪರ್ತಾಕ್ ಶೈಲಿಯ ತಂಡಕ್ಕೆ ಇಡೀ ಆಟದ ಅಡಿಪಾಯವೇ ಇದು.

ಅಲೇನಿಚೆವ್ ಈ ಪದ್ಧತಿಯಲ್ಲಿ ಎರಡೂ ಪಾತ್ರ ಮಾಡುತ್ತಿದ್ದರು, ಗೋಡೆಯೂ ಹೌದು, ಓಡುವವನೂ ಹೌದು. ಎತ್ತರದ, ಗಟ್ಟಿಮುಟ್ಟಾದ ಆಟಗಾರನಲ್ಲ; ತಳ್ಳಾಟದಲ್ಲಿ ಗೆಲ್ಲುವವರಲ್ಲ. ಮಿಡ್‌ಫೀಲ್ಡ್ ಸಾಲಿನಿಂದ ತಡವಾಗಿ, ಯಾರ ಕಣ್ಣಿಗೂ ಬೀಳದಂತೆ ಪೆನಾಲ್ಟಿ ಆವರಣದ ಅಂಚಿಗೆ ಬರುವುದು ಅವರ ಬಲ. 1998ರ ಯುಇಎಫ್‌ಎ ಕಪ್‌ನಲ್ಲಿ ಸ್ಪರ್ತಾಕ್ ಕ್ವಾರ್ಟರ್ ಫೈನಲ್‌ನಲ್ಲಿ ಆಯಾಕ್ಸ್ ತಂಡವನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲೇ 3-1ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಮಿಲಾನ್‌ಗೆ ಹೋಗಿ ಇಂಟರ್ ವಿರುದ್ಧ 1-2ರಿಂದ ಸೋತಾಗ ಆ ಒಂದು ಗೋಲು ಅಲೇನಿಚೆವ್ ಅವರದು. ಮಾಸ್ಕೊದ ಕೆಸರು ಮೈದಾನದಲ್ಲಿ ಆ ಸೆಮಿಫೈನಲ್‌ನ ಎರಡನೇ ಪಂದ್ಯ ನಡೆದಾಗ ಇಂಟರ್ ಪರ ಬ್ರೆಜಿಲ್‌ನ ರೊನಾಲ್ಡೊ ಎರಡು ಗೋಲು ಹೊಡೆದು ಕಥೆ ಮುಗಿಸಿದರು. ಒಂದೇ ಸ್ಪರ್ಶದ ಪಾಸಿಗೆ ಚೆಂಡು ಸಮವಾಗಿ ಉರುಳಬೇಕು. ಕೆಸರಿನಲ್ಲಿ ಅದು ಸಾಧ್ಯವಿಲ್ಲ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬನೇ ನುಗ್ಗಬಲ್ಲವನಿಗೆ ಆ ತೊಡಕು ಕಡಿಮೆ.

ರಷ್ಯನ್ ಆಟಗಾರರ ಬಗ್ಗೆ ಬರೆಯುವಾಗ ನಮ್ಮಲ್ಲಿ ಯಾರೂ ಹೇಳದ ಇನ್ನೊಂದು ಸಂಗತಿ ಕ್ಯಾಲೆಂಡರ್. ಆ ಕಾಲದಲ್ಲಿ ರಷ್ಯಾ ಲೀಗ್ ಮಾರ್ಚ್‌ನಿಂದ ನವೆಂಬರ್‌ವರೆಗೆ ನಡೆಯುತ್ತಿತ್ತು, ಚಳಿಗಾಲದಲ್ಲಿ ಬಿಡುವು. ಪಶ್ಚಿಮ ಯುರೋಪ್‌ನಲ್ಲಿ ಆಗಸ್ಟ್‌ನಿಂದ ಮೇವರೆಗೆ. 2011-12ರ ಋತುವಿನ ಹೊತ್ತಿಗೆ ರಷ್ಯಾ ತನ್ನ ಪಟ್ಟಿಯನ್ನು ಬದಲಿಸಿಕೊಂಡಿತು. ಹಳೆಯ ಪದ್ಧತಿಯಿಂದ ಎರಡು ಬಗೆಯ ಹಾನಿ.

ಒಂದನೆಯದು ಕ್ಲಬ್ಬಿಗೆ. 1995ರ ಶರತ್ಕಾಲದಲ್ಲಿ ಸ್ಪರ್ತಾಕ್ ಚಾಂಪಿಯನ್ಸ್ ಲೀಗ್ ಗುಂಪಿನ ಆರಕ್ಕೆ ಆರೂ ಪಂದ್ಯ ಗೆದ್ದಿತು. ಬ್ಲ್ಯಾಕ್‌ಬರ್ನ್, ಲೆಗಿಯಾ ವಾರ್ಸಾ, ರೋಸೆನ್‌ಬೋರ್ಗ್ ಮೂರೂ ಸೋತವು. ಆ ಚಳಿಗಾಲದಲ್ಲಿ ಒನೋಪ್ಕೊ, ಯುರಾನ್, ಕುಲ್ಕೋವ್, ಗೋಲ್‌ಕೀಪರ್ ಚೆರ್ಚೆಸೋವ್ ತಂಡ ಬಿಟ್ಟರು. ಮಾರ್ಚ್‌ನಲ್ಲಿ ಕ್ವಾರ್ಟರ್ ಫೈನಲ್ ಬಂದಾಗ ಉಳಿದವರು ತಿಂಗಳುಗಟ್ಟಲೆ ಲೀಗ್ ಪಂದ್ಯ ಆಡದೆ ನೇರ ಫ್ರಾನ್ಸ್‌ನ ನಾಂತ್ ತಂಡದ ವಿರುದ್ಧ ಇಳಿದರು, 0-2 ಸೋತರು, ಮನೆಯಲ್ಲಿ 2-2 ಮಾಡಿ ಹೊರಬಿದ್ದರು. ಎದುರಾಳಿಗಳು ಆಗ ಋತುವಿನ ನಡುವಿನ ಹದದಲ್ಲಿದ್ದರು.

ಎರಡನೆಯದು ಆಟಗಾರನಿಗೆ. 1998ರ ಮಾರ್ಚ್‌ನಲ್ಲಿ ಆಟ ಶುರುಮಾಡಿ, ಜೂನ್‌ನಲ್ಲಿ ರಷ್ಯಾ ಕಪ್ ಫೈನಲ್ ಮುಗಿಯುವ ಹೊತ್ತಿಗೆ ಸ್ಪರ್ತಾಕ್‌ಗೆ ಋತುವಿನ ಮಧ್ಯಭಾಗ. ಅಲೇನಿಚೆವ್ ರೋಮಾ ಸೇರಿದಾಗ ಅಲ್ಲಿ ಹೊಸ ಋತುವಿನ ತಯಾರಿ, ಅದು ಮುಗಿಯುವುದು 1999ರ ಮೇನಲ್ಲಿ. ನಡುವಿನ ಕೆಲವು ವಾರ ಬಿಟ್ಟರೆ ಹದಿನಾಲ್ಕು, ಹದಿನೈದು ತಿಂಗಳ ಎಡೆಬಿಡದ ಆಟ. ರಷ್ಯಾದಿಂದ ಬಂದ ಆಟಗಾರರು ಮೊದಲ ವರ್ಷದ ಚಳಿಗಾಲ ಕಳೆಯುತ್ತಲೇ ಬಳಲುವುದನ್ನು ಕಂಡು 'ಹೊಂದಿಕೊಳ್ಳಲಿಲ್ಲ' ಎಂದು ಬರೆಯುವವರು ಮೊದಲು ಈ ತಿಂಗಳುಗಳನ್ನು ಎಣಿಸಬೇಕು.

ರೋಮಾದಲ್ಲಿ ಅವರಿಗೆ ಸಿಕ್ಕ ಮೊದಲ ಕೋಚ್ ಜ್ಡೆನೆಕ್ ಜೇಮನ್. ಅವರ 4-3-3 ವ್ಯೂಹ (ನಾಲ್ವರು ಡಿಫೆಂಡರ್‌ಗಳು, ಮೂವರು ಮಿಡ್‌ಫೀಲ್ಡರ್‌ಗಳು, ಮುಂದೆ ಮೂವರು) ಇಟಲಿಯಲ್ಲೇ ಅತಿ ಹೆಚ್ಚು ಓಡಿಸುವಂಥದ್ದು. ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಆಟಗಾರರನ್ನು ಹತ್ತಿಸಿ ಇಳಿಸುವ ತಯಾರಿಗೆ ಅವರು ಹೆಸರಾದವರು. ಇಲ್ಲಿ ಸ್ಟ್ರೈಕರ್ ಹಿಂದೆ ಮುಕ್ತವಾಗಿ ನಿಂತು ಚೆಂಡು ಹಂಚುವ ಆಟಗಾರನಿಗೆ ಜಾಗವೇ ಇಲ್ಲ. ಮೂವರು ಮಿಡ್‌ಫೀಲ್ಡರ್‌ಗಳಲ್ಲಿ ಬದಿಯ ಇಬ್ಬರು ಒಂದು ಪೆನಾಲ್ಟಿ ಆವರಣದಿಂದ ಇನ್ನೊಂದಕ್ಕೆ ಓಡುತ್ತಿರಬೇಕು. ಅಲೇನಿಚೆವ್ ಓಡಬಲ್ಲವರೇ. ಆದರೆ ಸ್ಪರ್ತಾಕ್‌ನಲ್ಲಿ ಅವರ ಓಟ ಗೋಡೆ ಪಾಸಿನಿಂದ ಹುಟ್ಟುತ್ತಿತ್ತು, ಇಲ್ಲಿ ಮೊದಲೇ ಬರೆದಿಟ್ಟ ರೇಖೆಯಲ್ಲಿ ಓಡಬೇಕು, ಚೆಂಡು ಮೇಲಿನಿಂದ ಉದ್ದಕ್ಕೆ ಬರುತ್ತದೆ.

1999ರಲ್ಲಿ ಫ್ಯಾಬಿಯೊ ಕಪೆಲ್ಲೊ ಬಂದರು. ಅವರು ಸ್ಟ್ರೈಕರ್‌ಗಳ ಹಿಂದಿನ ಜಾಗ ಇಟ್ಟರು, ಆದರೆ ಅದು ಫ್ರಾನ್ಸೆಸ್ಕೊ ತೊತ್ತಿಯದು. ಒಂದು ಕ್ಲಬ್ಬಿನ ಹೆಮ್ಮೆಯ ಮನೆಮಗನ ಜಾಗಕ್ಕೆ ಹೊರಗಿನಿಂದ ಬಂದವನು ಸ್ಪರ್ಧಿಸಲಾಗದು. 2000ದ ಜನವರಿಯಲ್ಲಿ ಪೆರುಜಿಯಾದಿಂದ ಹಿದೆತೋಶಿ ನಕಾತಾ ರೋಮಾಕ್ಕೆ ಬಂದರು, ಅಲೇನಿಚೆವ್ ರೋಮಾದಿಂದ ಪೆರುಜಿಯಾಕ್ಕೆ ಹೋದರು. ರೋಮಾ ಲೀಗ್ ಗೆದ್ದದ್ದು ಅವರು ಹೋದ ಮೇಲೆ, 2001ರಲ್ಲಿ.

ಪಾಸ್‌ಪೋರ್ಟಿನ ಲೆಕ್ಕವನ್ನೂ ಸೇರಿಸಬೇಕು. ಆಗ ಇಟಲಿಯಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ಆಟಗಾರರನ್ನು ಪಂದ್ಯಕ್ಕೆ ಇಳಿಸಲು ಮಿತಿಯಿತ್ತು, ಅದು ಸಡಿಲವಾದದ್ದು 2001ರ ಮೇನಲ್ಲಿ. ದಕ್ಷಿಣ ಅಮೆರಿಕದ ಅನೇಕರಿಗೆ ಅಜ್ಜ, ಮುತ್ತಜ್ಜರ ಕಡೆಯಿಂದ ಇಟಲಿಯ ಅಥವಾ ಸ್ಪೇನಿನ ಪೌರತ್ವ ಸಿಗುತ್ತಿತ್ತು. ಪ್ಸ್ಕೋವ್ ಪ್ರಾಂತ್ಯದವರಿಗೆ ಆ ದಾರಿ ಇಲ್ಲ. ಹಾಗಾಗಿ ಇಬ್ಬರು ಸಮಾನ ಆಟಗಾರರಲ್ಲಿ ಕೋಚ್ ಯಾರನ್ನು ಆರಿಸುತ್ತಾನೆ ಎಂಬುದು ಆಟದಿಂದ ಮಾತ್ರ ತೀರ್ಮಾನವಾಗುತ್ತಿರಲಿಲ್ಲ. ಸ್ಪೇನಿನ ತೆನೆರಿಫೆ ಪರ ಆಡುತ್ತಿದ್ದ ರಷ್ಯನ್ ಆಟಗಾರ ಈಗರ್ ಸಿಮುತೆನ್ಕೋವ್ ಇದನ್ನು ಪ್ರಶ್ನಿಸಿ ಕಾನೂನು ಹೋರಾಟ ನಡೆಸಿದರು. ಒಕ್ಕೂಟದ ದೇಶವೊಂದರಲ್ಲಿ ಕಾನೂನುಬದ್ಧವಾಗಿ ಕೆಲಸಕ್ಕಿರುವ ರಷ್ಯನ್ ಆಟಗಾರನಿಗೆ ಇಂಥ ಮಿತಿ ಅನ್ವಯಿಸಬಾರದು ಎಂದು ಯುರೋಪಿಯನ್ ನ್ಯಾಯಾಲಯ 2005ರ ಏಪ್ರಿಲ್ 12ರಂದು ತೀರ್ಪಿತ್ತಿತು. ಅಲೇನಿಚೆವ್ ಆ ಹೊತ್ತಿಗೆ ಮಾಸ್ಕೊಗೆ ಮರಳಿ ಆಗಿತ್ತು. ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 2021-22ರಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರು ಎಂಬ ಮಿತಿ ಬಂದಾಗ ತಂಡದ ಆಯ್ಕೆ ಹೇಗೆ ಬದಲಾಯಿತೆಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯ ನೋಡುವವರಿಗೆ ಗೊತ್ತು. ಅಲ್ಲಿನದೂ ಅದೇ ಜಾತಿಯ ಲೆಕ್ಕ.

2000ದಲ್ಲಿ ಅವರು ಪೋರ್ಟೊ ಸೇರಿದರು. 2002ರ ಜನವರಿಯಲ್ಲಿ ಜೋಸೆ ಮೊರಿನ್ಯೊ ಅಲ್ಲಿ ಕೋಚ್ ಆದರು. ಇನ್ನು ಎರಡು ಫೈನಲ್‌ಗಳಿಗೆ ಬರುತ್ತೇನೆ, ಈ ಪತ್ರದ ತಿರುಳು ಇರುವುದೇ ಇಲ್ಲಿ.

ಸೆವಿಲ್ಲಾದಲ್ಲಿ ಎದುರಾಳಿ ಸ್ಕಾಟ್ಲೆಂಡ್‌ನ ಸೆಲ್ಟಿಕ್. ಮೂವರು ಡಿಫೆಂಡರ್‌ಗಳ ಹಿಂದಿನ ಸಾಲು, ಎರಡೂ ಬದಿಯಲ್ಲಿ ಉದ್ದಕ್ಕೆ ಓಡುವ ವಿಂಗ್ ಬ್ಯಾಕ್‌ಗಳು, ಗಾಳಿಯಲ್ಲಿ ಬಲ. ಪೋರ್ಟೊ ಮಿಡ್‌ಫೀಲ್ಡ್ ನಾಲ್ವರು ಕೋಸ್ಟಿನ್ಯ, ಮನೀಶ್, ಡೆಕೊ, ಅಲೇನಿಚೆವ್. ಇವರನ್ನು ವಜ್ರದ ಆಕಾರದಲ್ಲಿ ನಿಲ್ಲಿಸಿದಾಗ ತಳದಲ್ಲಿ ಒಬ್ಬ ಕಾವಲು, ತುದಿಯಲ್ಲಿ ಸ್ಟ್ರೈಕರ್‌ಗಳ ಹಿಂದೆ ಒಬ್ಬ, ಎಡಬಲಗಳಲ್ಲಿ ತಲಾ ಒಬ್ಬ. ಈ ವ್ಯೂಹದ ಲಾಭವೆಂದರೆ ಮಧ್ಯದಲ್ಲಿ ಎದುರಾಳಿಗಿಂತ ಒಬ್ಬ ಹೆಚ್ಚು ಇರುತ್ತಾನೆ. ನಷ್ಟವೆಂದರೆ ಬದಿಗಳು ತೆರೆದಿರುತ್ತವೆ, ಅಲ್ಲಿಂದ ಎತ್ತರದ ಚೆಂಡುಗಳು ಬರುತ್ತವೆ. ಆದ್ದರಿಂದ ಎಡಬಲಗಳಲ್ಲಿರುವ ಮಿಡ್‌ಫೀಲ್ಡರ್ ಚೆಂಡು ಕಳೆದುಕೊಂಡ ಕ್ಷಣವೇ ಹೊರಕ್ಕೆ ಓಡಿ ಬದಿ ಮುಚ್ಚಬೇಕು, ಚೆಂಡು ಸಿಕ್ಕ ಕ್ಷಣವೇ ಒಳಕ್ಕೆ ಬರಬೇಕು. ಸೆಕೆಯ ರಾತ್ರಿಯಲ್ಲಿ 120 ನಿಮಿಷ ಈ ಕೆಲಸ ಮಾಡುವವನ ಹೆಸರು ಮರುದಿನದ ಅಂಕಿ ಪಟ್ಟಿಯಲ್ಲಿ ಕಾಣುವುದಿಲ್ಲ. ಪಂದ್ಯದ ಆರಂಭದಲ್ಲೇ ಕೋಸ್ಟಿನ್ಯ ಗಾಯಗೊಂಡು ಹೊರನಡೆದದ್ದರಿಂದ ಉಳಿದ ಮೂವರ ಹೊರೆ ಇನ್ನೂ ಹೆಚ್ಚಾಯಿತು.

ಮೊದಲಾರ್ಧದ ಕೊನೆಗೆ ಡೆಕೊ ಕೊಟ್ಟ ಚೆಂಡನ್ನು ಅಲೇನಿಚೆವ್ ಹೊಡೆದರು, ಗೋಲ್‌ಕೀಪರ್ ಡಗ್ಲಸ್ ತಡೆದರು, ಹೊರಳಿ ಬಂದದ್ದನ್ನು ಪೋರ್ಟೊ ಸ್ಟ್ರೈಕರ್ ಡೆರ್ಲೇ ಬಲೆಗೆ ಹಾಕಿದರು. ಅಂಕಿ ಪಟ್ಟಿಯಲ್ಲಿ ಡೆರ್ಲೇ ಹೆಸರಷ್ಟೇ. ವಿರಾಮದ ನಂತರ ಸೆಲ್ಟಿಕ್‌ನ ಹೆನ್ರಿಕ್ ಲಾರ್ಸನ್ ತಲೆಯಿಂದ ಸಮ ಮಾಡಿದರು. 54ನೇ ನಿಮಿಷದಲ್ಲಿ ಡೆಕೊ ಡಿಫೆಂಡರ್‌ಗಳ ನಡುವಿನಿಂದ ಚೆಂಡು ತೂರಿಸಿದಾಗ ಅಲೇನಿಚೆವ್ ಹಿಂದಿನಿಂದ ಓಡಿ ಬಂದು 2-1 ಮಾಡಿದರು. ಮೂವರು ಡಿಫೆಂಡರ್‌ಗಳು ಇಬ್ಬರು ಸ್ಟ್ರೈಕರ್‌ಗಳನ್ನು ಕಾಯುತ್ತಿದ್ದರೆ ಒಬ್ಬ ಹೆಚ್ಚುವರಿ ಕಾವಲಿರುತ್ತಾನೆ; ಮಿಡ್‌ಫೀಲ್ಡ್‌ನಿಂದ ಮೂರನೆಯವನು ತಡವಾಗಿ ಓಡಿಬಂದರೆ ಅವನನ್ನು ಹಿಡಿಯುವವರು ಯಾರು ಎಂಬುದು ಆ ಕ್ಷಣದಲ್ಲಿ ತೀರ್ಮಾನವಾಗಬೇಕು. ತೀರ್ಮಾನ ಅರ್ಧ ಕ್ಷಣ ತಡವಾದರೂ ಸಾಕು. ಲಾರ್ಸನ್ ಕೂಡಲೇ ಮತ್ತೆ ಸಮ ಮಾಡಿದರು, ಕೊನೆಗೆ ಹೆಚ್ಚುವರಿ ಸಮಯದಲ್ಲಿ ಡೆರ್ಲೇ ಗೋಲಿನಿಂದ ಪೋರ್ಟೊ 3-2ರಿಂದ ಗೆದ್ದಿತು.

ಒಂದು ವರ್ಷ ಕಳೆದು ಗೆಲ್ಸೆನ್‌ಕಿರ್ಷನ್‌ಗೆ ಬಂದಾಗ ಅಲೇನಿಚೆವ್ ಮೊದಲ ಹನ್ನೊಂದರಲ್ಲಿ ಇಲ್ಲ. ಕೋಸ್ಟಿನ್ಯ, ಮನೀಶ್, ಪೆಡ್ರೊ ಮೆಂಡೆಸ್, ಡೆಕೊ ವಜ್ರವನ್ನು ತುಂಬಿದ್ದರು. ಡೆರ್ಲೇ ಜೊತೆ ಮುಂದೆ ಹತ್ತೊಂಬತ್ತರ ಹುಡುಗ ಕಾರ್ಲೋಸ್ ಆಲ್ಬರ್ಟೊ, ಆ ಜನವರಿಯಲ್ಲಷ್ಟೇ ಬ್ರೆಜಿಲ್‌ನಿಂದ ಬಂದವರು. ಎದುರಿಗೆ ಡಿಡಿಯೆ ದೆಶಾಂ ಕೋಚ್ ಆಗಿದ್ದ ಮೊನಾಕೊ. 39ನೇ ನಿಮಿಷದಲ್ಲಿ ಕಾರ್ಲೋಸ್ ಆಲ್ಬರ್ಟೊ ಗೋಲು, 1-0.

60ನೇ ನಿಮಿಷದಲ್ಲಿ ಮೊರಿನ್ಯೊ ಗೋಲು ಹೊಡೆದ ಹುಡುಗನನ್ನೇ ಹೊರಗೆ ಕರೆದು ಅಲೇನಿಚೆವ್ ಅವರನ್ನು ಇಳಿಸಿದರು. ಮುನ್ನಡೆಯಲ್ಲಿದ್ದಾಗ ಬಹುಪಾಲು ಕೋಚ್‌ಗಳು ಇನ್ನೊಬ್ಬ ಡಿಫೆಂಡರ್‌ನನ್ನು ಇಳಿಸುತ್ತಾರೆ. ಹಾಗೆ ಮಾಡಿದರೆ ತಂಡ ತನ್ನ ಪೆನಾಲ್ಟಿ ಆವರಣದ ಮುಂದೆ ಕುಗ್ಗುತ್ತದೆ. ಕಸಿದ ಚೆಂಡನ್ನು ಹಿಡಿದುಕೊಳ್ಳುವವರು ಮುಂದೆ ಇಲ್ಲದೆ ಅದು ಮತ್ತೆ ಎದುರಾಳಿಗೇ ಹೋಗುತ್ತದೆ, ಒತ್ತಡ ಅಲೆಯಲೆಯಾಗಿ ಮರಳುತ್ತದೆ. ಗೋಲು ಬೇಕಾಗಿದ್ದ ಮೊನಾಕೊ ತನ್ನ ಬದಿಯ ಡಿಫೆಂಡರ್‌ಗಳನ್ನು ಮೇಲಕ್ಕೆ ಕಳಿಸುತ್ತಿತ್ತು, ಹಿಂದೆ ಜಾಗ ತೆರೆದಿತ್ತು. ಆ ಜಾಗಕ್ಕೆ ದಣಿಯದ ಕಾಲಿನ, ಒಂದೇ ಸ್ಪರ್ಶದಲ್ಲಿ ಸರಿಯಾದ ಪಾಸ್ ಕೊಡಬಲ್ಲ, 31ರ ಅನುಭವದ ಆಟಗಾರ ಬೇಕಿತ್ತು.

71ನೇ ನಿಮಿಷದ ಗೋಲನ್ನು ಮತ್ತೆ ಮತ್ತೆ ನೋಡಬೇಕು. ಡೆಕೊ ಪ್ರತಿದಾಳಿಯಲ್ಲಿ ಚೆಂಡು ತರುತ್ತಾರೆ, ಎಡಕ್ಕಿದ್ದ ಅಲೇನಿಚೆವ್‌ಗೆ ಕೊಡುತ್ತಾರೆ, ಕೊಟ್ಟು ನಿಲ್ಲದೆ ಪೆನಾಲ್ಟಿ ಆವರಣಕ್ಕೆ ನುಗ್ಗುತ್ತಾರೆ. ಅಲೇನಿಚೆವ್ ಚೆಂಡನ್ನು ಅವರ ಓಟದ ದಾರಿಗೇ ಮರಳಿಸುತ್ತಾರೆ. ಡೆಕೊ ನಿಧಾನವಾಗಿ, ಗೋಲ್‌ಕೀಪರ್ ಚಲಿಸಿದ ವಿರುದ್ಧ ದಿಕ್ಕಿಗೆ ಹಾಕುತ್ತಾರೆ. ಸ್ತೇನ್ಕಾ ಇದೇ. ರೊಮಾಂತ್ಸೆವ್ ಶಾಲೆಯ ಪಾಠ ಬ್ರೆಜಿಲ್ ಮೂಲದ ಪೋರ್ಚುಗೀಸ್ ಆಟಗಾರನ ಜೊತೆ ಜರ್ಮನಿಯ ಹುಲ್ಲಿನ ಮೇಲೆ ನಡೆಯಿತು. 75ನೇ ನಿಮಿಷದಲ್ಲಿ ಡೆರ್ಲೇ ಕೊಟ್ಟ ಪಾಸ್ ಮೊನಾಕೊ ಆಟಗಾರನಿಗೆ ತಗುಲಿ ಎದ್ದಾಗ ಅಲೇನಿಚೆವ್ ಅದನ್ನು ಬಲೆಯ ಮೇಲ್ಭಾಗಕ್ಕೆ ಬಾರಿಸಿದರು, 3-0. ಇಳಿದ ಹದಿನೈದು ನಿಮಿಷದೊಳಗೆ ಒಂದು ಗೋಲಿಗೆ ನೆರವು, ಒಂದು ಗೋಲು.

ದೇಶದ ತಂಡದಲ್ಲಿ ಈ ಆಟ ಏಕೆ ಅಷ್ಟಾಗಿ ಕಾಣಲಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರದ ಒಂದು ಪಾಲು ಜಾಗದ ಅಭಾವ. ಮೊಸ್ತೊವೊಯ್, ತಿತೋವ್ ಇಬ್ಬರೂ ಸ್ಪರ್ತಾಕ್‌ನಲ್ಲಿ ಬೆಳೆದವರು, ಇಬ್ಬರೂ ಅದೇ ತುದಿಯ ಜಾಗದವರು. ಇನ್ನೊಂದು ಪಾಲು ದಿನಗಳ ಲೆಕ್ಕ. ಗೆಲ್ಸೆನ್‌ಕಿರ್ಷನ್ ಆದ 17ನೇ ದಿನ, ಜೂನ್ 12ರಂದು, ಯುರೋ 2004ರಲ್ಲಿ ರಷ್ಯಾ ಸ್ಪೇನ್ ಎದುರು ಆಡಿ 0-1ರಿಂದ ಸೋತಿತು. ಕೋಚ್ ಯಾರ್ತ್ಸೆವ್ ಅವರನ್ನು ಟೀಕಿಸಿದ ಮೊಸ್ತೊವೊಯ್ ಮೊದಲ ಪಂದ್ಯದ ಬೆನ್ನಲ್ಲೇ ಮನೆಗೆ ಹೋಗಬೇಕಾಯಿತು. ಜೂನ್ 16ರಂದು ಲಿಸ್ಬನ್‌ನಲ್ಲಿ ಪೋರ್ಚುಗಲ್ ವಿರುದ್ಧ 0-2. ಮೊದಲ ಗೋಲು ಹೊಡೆದವರು ಅಲೇನಿಚೆವ್ ಅವರ ಪೋರ್ಟೊ ಜೊತೆಗಾರ ಮನೀಶ್. ಗ್ರೀಸ್ ಮೇಲೆ 2-1ರಿಂದ ಗೆದ್ದರೂ ರಷ್ಯಾ ಹೊರಬಿತ್ತು. ಗ್ರೀಸ್ ಮುಂದೆ ಕಪ್ ಗೆದ್ದಿತು, ಆ ಟೂರ್ನಿಯಲ್ಲಿ ಅವರನ್ನು ಸೋಲಿಸಿದ್ದು ರಷ್ಯಾ ಮಾತ್ರ.

ಅದೇ ಬೇಸಿಗೆಯಲ್ಲಿ ಅಲೇನಿಚೆವ್ ಸ್ಪರ್ತಾಕ್‌ಗೆ ಮರಳಿದರು. ಕ್ಯಾಲೆಂಡರ್ ಮತ್ತೆ ಅದೇ ಆಟ ಆಡಿತು: ಪೋರ್ಚುಗಲ್‌ನಲ್ಲಿ ಪೂರ್ತಿ ಋತು, ಯುರೋ, ಬೆನ್ನಿಗೇ ಅರ್ಧ ಕಳೆದಿದ್ದ ರಷ್ಯಾ ಋತುವಿನ ಉಳಿದ ಭಾಗ. 32ರ ಹೊಸ್ತಿಲಲ್ಲಿರುವ ಮಿಡ್‌ಫೀಲ್ಡರ್‌ನ ಸ್ನಾಯುಗಳಿಗೆ ಇದು ಎಳೆಯ ವಯಸ್ಸಿನಷ್ಟು ಸುಲಭವಲ್ಲ. 2005ರಲ್ಲಿ ಲಾಟ್ವಿಯಾದ ಅಲೆಕ್ಸಾಂಡರ್ಸ್ ಸ್ಟಾರ್ಕೋವ್ಸ್ ಅವರ ಕೈಕೆಳಗೆ ಸ್ಪರ್ತಾಕ್ ಎರಡನೇ ಸ್ಥಾನ ಪಡೆಯಿತು. ಆದರೆ ಆಟದ ರೀತಿ ಹಳೆಯ ಸ್ಪರ್ತಾಕ್‌ನದ್ದಾಗಿರಲಿಲ್ಲ. 2006ರ ಏಪ್ರಿಲ್‌ನಲ್ಲಿ ಅಲೇನಿಚೆವ್ 'ಸ್ಪೋರ್ಟ್ ಎಕ್ಸ್‌ಪ್ರೆಸ್' ಪತ್ರಿಕೆಗೆ ಸಂದರ್ಶನ ಕೊಟ್ಟು ಕೋಚ್ ಕೆಲಸವನ್ನು ಬಹಿರಂಗವಾಗಿ ಟೀಕಿಸಿದರು. ಕ್ಲಬ್ ಅವರನ್ನು ಕೂಡಲೇ ದೂರವಿಟ್ಟಿತು. ಸ್ವಲ್ಪ ದಿನಗಳಲ್ಲಿ ಸ್ಟಾರ್ಕೋವ್ಸ್ ಕೂಡ ಹೊರಟರು. ಅಲೇನಿಚೆವ್ ಮತ್ತೆ ಆಡಲಿಲ್ಲ. ಅವರು ಹೇಳಿದ್ದು ಸರಿಯಿತ್ತೇ ಎಂಬುದು ಬೇರೆ ಚರ್ಚೆ. ಋತುವಿನ ನಡುವೆ, ಪತ್ರಿಕೆಯ ಮೂಲಕ ಹೇಳಿದ್ದು ಅವರ ತಂಡಕ್ಕೂ ಅವರಿಗೂ ದುಬಾರಿಯಾಯಿತು ಎಂದೇ ನನ್ನ ಅಭಿಪ್ರಾಯ.

ಆಮೇಲಿನದು ಚಿಕ್ಕದಾಗಿ. 2006ರಿಂದ 2010ರವರೆಗೆ ಓಮ್ಸ್ಕ್ ಪ್ರಾಂತ್ಯದ ಪ್ರತಿನಿಧಿಯಾಗಿ ರಷ್ಯಾ ಸಂಸತ್ತಿನ ಮೇಲ್ಮನೆಯಲ್ಲಿದ್ದರು. 2011ರಲ್ಲಿ ತೂಲಾ ನಗರದ ಆರ್ಸೆನಾಲ್ ತಂಡದ ಕೋಚ್ ಆಗಿ ಅದನ್ನು 2014ರಲ್ಲಿ ಪ್ರೀಮಿಯರ್ ಲೀಗ್‌ಗೆ ತಂದರು. ತಂಡ ಮರುವರ್ಷವೇ ಕೆಳಗಿಳಿಯಿತು. 2015ರಲ್ಲಿ ಸ್ಪರ್ತಾಕ್ ಕೋಚ್ ಆದರು, ಐದನೇ ಸ್ಥಾನ ಬಂತು, 2016ರ ಆಗಸ್ಟ್‌ನಲ್ಲಿ ಸೈಪ್ರಸ್‌ನ ಎಇಕೆ ಲಾರ್ನಾಕಾ ಎದುರು ಯುರೋಪಾ ಲೀಗ್ ಅರ್ಹತಾ ಸುತ್ತಿನಲ್ಲೇ ಸೋತು ರಾಜೀನಾಮೆ ಕೊಟ್ಟರು. ಆ ಋತುವಿನಲ್ಲಿ ಸ್ಪರ್ತಾಕ್ ಮಾಸ್ಸಿಮೊ ಕರೇರಾ ಅವರ ಕೈಯಲ್ಲಿ ಚಾಂಪಿಯನ್ ಆಯಿತು. ಕ್ರಸ್ನೊಯಾರ್ಸ್ಕ್‌ನ ಯೆನಿಸೆಯ್ ತಂಡವನ್ನೂ ಅಲೇನಿಚೆವ್ 2018ರಲ್ಲಿ ಮೇಲಿನ ಲೀಗ್‌ಗೆ ಏರಿಸಿದರು, ಅಲ್ಲಿಯೂ ಒಂದೇ ವರ್ಷ ನಿಂತಿತು. ತಂಡವನ್ನು ಮೇಲೇರಿಸುವುದಕ್ಕೆ ಚೆಂಡು ಹಿಡಿದು ಆಡುವ ಪದ್ಧತಿ ಸಾಕಾಗುತ್ತದೆ, ಮೇಲೆ ಉಳಿಯಲು ಚೆಂಡಿಲ್ಲದಾಗ ಆಡುವ ಪದ್ಧತಿಯೂ ಬೇಕು. ಕೋಚ್ ಅಲೇನಿಚೆವ್ ಎಡವಿದ್ದು ಅಲ್ಲೇ ಎಂದು ನನಗನ್ನಿಸುತ್ತದೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಮಿಡ್‌ಫೀಲ್ಡರ್ ಒಬ್ಬರ ಪರಿಚಯ ಹಾಕುವಾಗ ಗೋಲಿನ ಅಂಕಿಯ ಪಕ್ಕದಲ್ಲಿ ನಾಲ್ಕು ವಿಷಯ ಸೇರಿಸಿ: ತಂಡದ ವ್ಯೂಹ, ಅದರಲ್ಲಿ ಅವರ ಜಾಗ, ಪೂರ್ತಿ ಆಡಿದ ಪಂದ್ಯ ಎಷ್ಟು ಮತ್ತು ಬದಲಿಯಾಗಿ ಇಳಿದದ್ದು ಎಷ್ಟು, ಅದೇ ಜಾಗಕ್ಕೆ ತಂಡದೊಳಗಿದ್ದ ಪ್ರತಿಸ್ಪರ್ಧಿ ಯಾರು. ಗೋಲಿಗೆ ಮುಂಚಿನ ಎರಡು ಪಾಸುಗಳನ್ನು ಒಂದು ವಾಕ್ಯದಲ್ಲಿ ಬರೆಯಲು ನಾಲ್ಕು ಸಾಲು ಜಾಗ ಸಾಕು. ಉದಾಹರಣೆಗೆ, 2004ರ ಫೈನಲ್ ಬಗ್ಗೆ ಹೀಗೆ ಅಚ್ಚಾಗಬಹುದು: 'ಅಲೇನಿಚೆವ್, 60ನೇ ನಿಮಿಷದಲ್ಲಿ ಕಾರ್ಲೋಸ್ ಆಲ್ಬರ್ಟೊ ಬದಲಿಗೆ, 71ರಲ್ಲಿ ಎಡದಿಂದ ಡೆಕೊಗೆ ಚೆಂಡು ಮರಳಿಸಿ ಗೋಲಿಗೆ ನೆರವು, 75ರಲ್ಲಿ ಡೆರ್ಲೇ ಪಾಸ್ ತಿರುಗಿ ಬಂದಾಗ ಸ್ವತಃ ಗೋಲು.'

ಇಂತಿ,
ಕ್ರೀಡಾಪುಟದ ಓದುಗ,
ಬೆಂಗಳೂರು